ಗಾಲಿಯ ಮೇಲಿನ ಮನೆಯಲ್ಲಿ ಸೌಟು ಯಾರ ಕೈಯಲ್ಲಿ?

ಬಸವನಹುಳು ತನ್ನ ಮನೆಯನ್ನು ಬೆನ್ನ ಮೇಲೆ ಹೊತ್ತೇ ತಿರುಗುತ್ತದೆ. ಅಮೆರಿಕದವರು ಅದೇ ಉಪಾಯವನ್ನು ಮೋಟಾರಿಗೆ ಅಳವಡಿಸಿಕೊಂಡಿದ್ದಾರೆ. ನಮ್ಮ ಬಸ್ಸಿನಷ್ಟು ದೊಡ್ಡ ಗಾಡಿ; ಒಳಗೆ ಮಂಚ, ಒಲೆ, ಫ್ರಿಜ್ಜು, ಬಚ್ಚಲು, ಕಕ್ಕಸು ಎಲ್ಲವೂ ಉಂಟು. ಅಲ್ಲಿ ಅದನ್ನು ಆರ್.ವಿ. ಎನ್ನುತ್ತಾರೆ. ಮಗನೋ ಮಗಳೋ ಅಮೆರಿಕದಲ್ಲಿರುವ ತಾಯಂದಿರು ಈಗ ನಮ್ಮ ಸಣ್ಣ ಊರುಗಳಲ್ಲೂ ಕಡಿಮೆಯೇನಿಲ್ಲ. “ಅಮ್ಮಾ, ಈ ಸಲ ನೀವು ಬಂದಾಗ ಆರ್.ವಿ. ಬಾಡಿಗೆಗೆ ಹಿಡಿದು ಫ್ಲಾರಿಡಾ ಸಮುದ್ರಕ್ಕೆ ಹೋಗೋಣ” ಎಂದು ಫೋನಿನಲ್ಲಿ ಹೇಳಿದರೆ, ಹೂಂ ಎನ್ನುವ ಮೊದಲು ಆ ಮನೆಯೊಳಗಿನ ಸಂಸಾರ ಹೇಗಿರುತ್ತದೆಂದು ತಿಳಿದಿರುವುದು ಒಳ್ಳೆಯದಲ್ಲವೇ?

ಫ್ಲಾರಿಡಾ ಎಂದರೆ ಅಮೆರಿಕದ ಆಗ್ನೇಯ ಮೂಲೆಯಲ್ಲಿ ಸಮುದ್ರಕ್ಕೆ ಚಾಚಿದ ಬೆರಳು. ಒಂದು ಕಡೆ ಅಟ್ಲಾಂಟಿಕ್ ಸಾಗರ, ಇನ್ನೊಂದು ಕಡೆ ಮೆಕ್ಸಿಕೊ ಕೊಲ್ಲಿ. ಉತ್ತರದ ಊರುಗಳು ಹಿಮದಡಿ ನಡುಗುವಾಗ ಇದರ ದಕ್ಷಿಣದ ತುದಿಯಲ್ಲಿ ಜನವರಿಯಲ್ಲೂ 20 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನ ಹಿತವಾದ ಹವೆ. ಅದಕ್ಕೇ ನವೆಂಬರಿನಿಂದ ಏಪ್ರಿಲ್‌ವರೆಗೆ ಉತ್ತರದವರು, ಕೆನಡಾದವರು, ಅದರಲ್ಲೂ ನಿವೃತ್ತರು, ಗಾಡಿ ಕಟ್ಟಿಕೊಂಡು ಇಲ್ಲಿಗೆ ಬರುತ್ತಾರೆ. ಇವರಿಗೆ ‘ಸ್ನೋಬರ್ಡ್’, ಅಂದರೆ ಹಿಮಹಕ್ಕಿ ಎಂದು ಹೆಸರು. ಈ ವಲಸೆ ಹೊಸದಲ್ಲ. 1919ರಲ್ಲೇ ಇಲ್ಲಿನ ಟ್ಯಾಂಪಾ ನಗರದ ಬಯಲೊಂದರಲ್ಲಿ ಬಿಡಾರ ಹೂಡಿದ್ದ ಕಾರುಪ್ರವಾಸಿಗಳು ‘ಟಿನ್ ಕ್ಯಾನ್ ಟೂರಿಸ್ಟ್ಸ್’ ಎಂಬ ಸಂಘ ಕಟ್ಟಿಕೊಂಡಿದ್ದರು. ಡಬ್ಬಿ ಆಹಾರವನ್ನು ಬಿಸಿ ಮಾಡಿ ಉಣ್ಣುತ್ತಿದ್ದವರು ಎಂದು ಆ ಹೆಸರು!

ತೀರಾ ದಕ್ಷಿಣಕ್ಕೆ ‘ಕೀಸ್’ ಎಂಬ ದ್ವೀಪಮಾಲೆ. 1912ರಲ್ಲಿ ಇದರ ಕೊನೆಯ ಊರಾದ ಕೀ ವೆಸ್ಟ್‌ಗೆ ಸಮುದ್ರದ ಮೇಲೆಯೇ ರೈಲು ಬಂತು. 1935ರ ಚಂಡಮಾರುತ ಹಳಿಗಳನ್ನು ಕಿತ್ತೆಸೆಯಿತು. ಉಳಿದ ಸೇತುವೆಗಳನ್ನೇ ಬಳಸಿಕೊಂಡು ಹಾಕಿದ ಮೋಟಾರು ರಸ್ತೆ 1938ರಲ್ಲಿ ತೆರೆಯಿತು. ಎರಡೂ ಬದಿ ನೀಲಿ ನೀರು, ನಡುವೆ ರಸ್ತೆ. ಈ ದಾರಿಯಲ್ಲೇ ಬಹಿಯಾ ಹೊಂಡಾ ಎಂಬ ಸರಕಾರಿ ಉದ್ಯಾನವಿದೆ. ನಮ್ಮ ಹೊಂಡಕ್ಕೂ ಇದಕ್ಕೂ ನಂಟಿಲ್ಲ; ಸ್ಪ್ಯಾನಿಷ್‌ನಲ್ಲಿ ಆಳವಾದ ಕೊಲ್ಲಿ ಎಂದರ್ಥ. ಒಳ್ಳೆಯ ಮರಳದಂಡೆ, ಪಕ್ಕದಲ್ಲೇ ಗಾಡಿ ನಿಲ್ಲಿಸಲು ಜಾಗ. ಆದರೆ ಜಾಗ ಸಿಗಬೇಕಲ್ಲ! 2024ರಿಂದ ಫ್ಲಾರಿಡಾ ನಿವಾಸಿಗಳು 11 ತಿಂಗಳು ಮುಂಚೆ, ಹೊರಗಿನವರು 10 ತಿಂಗಳು ಮುಂಚೆ ಕಾದಿರಿಸಬಹುದೆಂಬ ನಿಯಮ ಬಂದಿದೆ. ಮದುವೆ ಛತ್ರಕ್ಕೆ ಮುಂಗಡ ಕೊಟ್ಟ ಹಾಗೆಯೇ ಅನ್ನಿ.

ಈಗ ಒಳಗಿನ ಮಾತಿಗೆ ಬರೋಣ. ಗಾಲಿಯ ಮನೆಯಲ್ಲಿ ಎಲ್ಲಕ್ಕೂ ಮೂಲ ನೀರು. ಗಾಡಿಯ ಹೊಟ್ಟೆಯಲ್ಲಿ ಮೂರು ತೊಟ್ಟಿ: ಒಂದರಲ್ಲಿ ಶುದ್ಧ ನೀರು, ಇನ್ನೊಂದರಲ್ಲಿ ಪಾತ್ರೆ ತೊಳೆದ ಮತ್ತು ಸ್ನಾನದ ನೀರು, ಮೂರನೆಯದರಲ್ಲಿ ಕಕ್ಕಸಿನದು. ಒಂದೊಂದರ ಅಳತೆ ಸಾಮಾನ್ಯವಾಗಿ ನೂರೈವತ್ತು ಲೀಟರಿನ ಹತ್ತಿರ. ನಾಲ್ಕು ಜನ ಮನಸ್ಸಿಗೆ ಬಂದಂತೆ ಸ್ನಾನ ಮಾಡಿದರೆ ಒಂದೇ ದಿನಕ್ಕೆ ಮುಗಿಯಿತು. ಬಳಸಿದ ನೀರನ್ನು ಎಲ್ಲೆಂದರಲ್ಲಿ ಚೆಲ್ಲುವ ಹಾಗಿಲ್ಲ. ಅದಕ್ಕೆಂದೇ ಇರುವ ಚರಂಡಿಗೆ ಕೊಳವೆ ಜೋಡಿಸಿ ಬಿಡಬೇಕು. ಮೊದಲು ಕಕ್ಕಸಿನ ತೊಟ್ಟಿ ಖಾಲಿ ಮಾಡಿ, ಆಮೇಲೆ ಪಾತ್ರೆ ನೀರಿನದು. ಆಗ ಕೊಳವೆಯೂ ತೊಳೆದುಹೋಗುತ್ತದೆ. ಈ ಕೆಲಸ ಗಂಡಸರದ್ದು ಎಂದು ಮೊದಲ ದಿನವೇ ತೀರ್ಮಾನಿಸಿಬಿಡಿ! ನೀರಿನ ಲೆಕ್ಕಾಚಾರಕ್ಕೆ ಮಾತ್ರ ಅಲ್ಲಿ ಹುಟ್ಟಿ ಬೆಳೆದವರು ಒದ್ದಾಡುತ್ತಾರೆ. ಎರಡು ದಿನಕ್ಕೊಮ್ಮೆ ನಲ್ಲಿ ಬರುವ ಊರಿನಲ್ಲಿ ಕೊಡ ತುಂಬಿಸಿಟ್ಟು ಮನೆ ನಡೆಸಿದ ನಮಗೆ ಅದೇನು ದೊಡ್ಡ ವಿದ್ಯೆಯೇ?

ವಿದ್ಯುತ್ತಿಗೂ ಮಿತಿಯುಂಟು. ಸಣ್ಣ ಗಾಡಿಗಳಿಗೆ 30 ಆಂಪಿಯರ್‌ನ ಸಂಪರ್ಕ. ಸೆಕೆಯೆಂದು ಏ.ಸಿ. ಹಾಕಿ, ಅದರ ಜೊತೆಗೇ ನೀರು ಕಾಯಿಸಲು, ಮೈಕ್ರೋವೇವಿನಲ್ಲಿ ಅನ್ನ ಬಿಸಿ ಮಾಡಲು ಹೊರಟರೆ ಟಪ್ಪೆಂದು ಎಲ್ಲ ಆರಿಹೋಗುತ್ತದೆ. ಒಲೆ ನಮ್ಮದೇ ಹಾಗೆ ಅನಿಲದ್ದು. ಆದರೆ ಒಳಗೆ ಒಗ್ಗರಣೆ ಹಾಕಿ ನೋಡಿ! ಒಣಮೆಣಸಿನಕಾಯಿಯ ಘಾಟಿಗೆ ಸೂರಿನ ಹೊಗೆಗಂಟೆ ಊರಿಗೆಲ್ಲ ಕೇಳುವಂತೆ ಕೂಗುತ್ತದೆ. ಅದನ್ನು ಕಿತ್ತಿಡುವ ಬುದ್ಧಿವಂತಿಕೆ ಬೇಡ. ಕಿಟಕಿ ತೆರೆದು ಫ್ಯಾನು ಹಾಕಿ, ಇಲ್ಲವೇ ಹೊರಗಿನ ಮೇಜಿನ ಮೇಲೆ ಒಲೆ ಹೂಡಿ. ಗಾಡಿ ಓಡುವಾಗ ಎದ್ದು ಕಾಫಿ ಕಾಯಿಸುವ ಮಾತಂತೂ ಬೇಡವೇ ಬೇಡ. ಬೆಲ್ಟು ಕಟ್ಟಿ ಕೂತಿರಬೇಕು. ಇದ್ದಿಲ ಒಲೆಯನ್ನೂ ಜನರೇಟರನ್ನೂ ಗಾಡಿಯ ಅಥವಾ ಡೇರೆಯ ಒಳಗೆ ಉರಿಸಕೂಡದು. ಅವುಗಳಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ಮನೆಯನ್ನು ಕಟ್ಟಿಕೊಂಡು ಹೋದರೆ ಮನೆಗೆಲಸವೂ ಜೊತೆಗೇ ಬರುತ್ತದೆ. ಗಂಡ ಸ್ಟಿಯರಿಂಗ್ ಹಿಡಿದ, ಮಕ್ಕಳು ಸಮುದ್ರಕ್ಕೆ ಓಡಿದರು. ಆರಡಿ ಅಗಲದ ಅಡುಗೆಮನೆಯಲ್ಲಿ ನೀವೊಬ್ಬರೇ ನಾಲ್ಕು ಜನರ ತಟ್ಟೆ ತೊಳೆಯುತ್ತ ನಿಂತರೆ, ಅದಕ್ಕೆ ಪ್ರವಾಸ ಎಂದು ಹೆಸರಿಡುವುದು ಹೇಗೆ? ಹೊರಡುವ ಮೊದಲೇ ಸರದಿ ಹಾಕಿಕೊಳ್ಳಿ. ಹುಳಿಯನ್ನದ ಗೊಜ್ಜು, ಚಟ್ನಿಪುಡಿ, ಒಗ್ಗರಣೆ ಹಾಕಿದ ರವೆ ಮುಂಚೆಯೇ ಸಿದ್ಧವಿದ್ದರೆ ಅಳಿಯನೂ ಉಪ್ಪಿಟ್ಟು ಕೆದಕಬಲ್ಲ.

ಇದೆಲ್ಲ ಬೇಡ ಎನ್ನುವವರಿಗೆ ಇನ್ನೊಂದು ದಾರಿ ‘ಗ್ಲ್ಯಾಂಪಿಂಗ್’. ಗ್ಲಾಮರ್ ಮತ್ತು ಕ್ಯಾಂಪಿಂಗ್ ಎರಡನ್ನೂ ಸೇರಿಸಿದ ಪದ. ಮರದ ಜಗಲಿಯ ಮೇಲೆ ದಪ್ಪ ಕ್ಯಾನ್ವಾಸಿನ ದೊಡ್ಡ ಡೇರೆ, ಒಳಗೆ ಮಂಚ, ದೀಪ, ಬಹಳ ಕಡೆ ಏ.ಸಿ. ಹಾಸಿಗೆ ಹಾಸುವವರು ಬೇರೆ, ಗುಡಿಸುವವರು ಬೇರೆ. ಮಾಮೂಲು ಡೇರೆಗಿಂತ ದುಬಾರಿ, ನಿಜ. ಆದರೆ ಗಾಡಿಯ ಬಾಡಿಗೆ, ನಿಲುಗಡೆಯ ಬಾಡಿಗೆ, ಜೊತೆಗೆ ಲೀಟರಿಗೆ ಮೂರು ನಾಲ್ಕು ಕಿಲೋಮೀಟರಷ್ಟೇ ಓಡುವ ಗಾಡಿಯ ಪೆಟ್ರೋಲನ್ನೂ ಕೂಡಿಸಿ ನೋಡಿ, ಆಮೇಲೆ ಹೇಳಿ. ನನ್ನನ್ನು ಕೇಳಿದರೆ ಎರಡು ಮೂರು ದಿನಕ್ಕೆ ಡೇರೆಯೇ ಲೇಸು. ಕಕ್ಕಸು ಡೇರೆಯೊಳಗೇ ಇದೆಯೋ, ನಡುರಾತ್ರಿ ಟಾರ್ಚು ಹಿಡಿದು ನಡೆಯಬೇಕೋ ಎಂಬುದನ್ನು ಮಾತ್ರ ಮೊದಲೇ ವಿಚಾರಿಸಿ. ಮಂಡಿನೋವಿನವರಿಗೆ ಇದು ಸಣ್ಣ ಮಾತಲ್ಲ.

ಬೇಸಿಗೆ ರಜೆಯೆಂದು ಜುಲೈ–ಆಗಸ್ಟಿನಲ್ಲಿ ಕರೆದರೆ ಸ್ವಲ್ಪ ಯೋಚಿಸಿ. ಮಂಗಳೂರಿನ ಮೇ ತಿಂಗಳನ್ನು ನೆನಪಿಸುವ ಸೆಕೆ, ಸೊಳ್ಳೆ, ಕಣ್ಣಿಗೆ ಕಾಣದೆ ಕಚ್ಚುವ ನುಸಿ. ಮೇಲಾಗಿ ಜೂನ್ 1ರಿಂದ ನವೆಂಬರ್ 30ರವರೆಗೆ ಅಲ್ಲಿ ಚಂಡಮಾರುತದ ಕಾಲ. 2017ರ ಸೆಪ್ಟೆಂಬರ್ 10ರಂದು ‘ಇರ್ಮಾ’ ಕೀಸ್‌ಗೇ ಅಪ್ಪಳಿಸಿತು. ಅಂಥ ಗಾಳಿಗೆ ಗಾಲಿಯ ಮನೆ ರಟ್ಟಿನ ಡಬ್ಬಿಯಿದ್ದಂತೆ. ಮುನ್ಸೂಚನೆ ಬಂದಾಗ ಅಲ್ಲಿ ಮೊದಲು ಹೊರಡಿಸುವುದೇ ಪ್ರವಾಸಿಗಳನ್ನೂ ಆರ್.ವಿ.ಗಳನ್ನೂ. ಹೊರಹೋಗಲು ಇರುವುದು ಮುಖ್ಯವಾಗಿ ಆ ಒಂದೇ ರಸ್ತೆ. ‘ನೋಡೋಣ, ನಾಳೆ ಹೊರಟರಾಯಿತು’ ಎನ್ನುವ ಹಾಗಿಲ್ಲ.

ಕೀಸ್‌ಗೆ ಹೋದವರು ಅಲ್ಲಿನ ‘ಕೀ ಲೈಮ್ ಪೈ’ ತಿನ್ನದೆ ಬರುವುದಿಲ್ಲ. 2006ರಲ್ಲಿ ಫ್ಲಾರಿಡಾ ಅದನ್ನು ರಾಜ್ಯದ ಅಧಿಕೃತ ಪೈ ಎಂದು ಘೋಷಿಸಿತು. ಮಂಜುಗಡ್ಡೆ, ಹಸಿ ಹಾಲು ಸಿಗದ ಕಾಲದಲ್ಲಿ ದ್ವೀಪದವರು ಡಬ್ಬಿಯ ಸಿಹಿ ಗಟ್ಟಿ ಹಾಲಿಗೆ ನಿಂಬೆರಸ ಸೇರಿಸಿ ಮಾಡಿದ ಸಿಹಿ ಅದು. ಆ ಕೀ ಲೈಮ್ ಬೇರೇನಲ್ಲ, ತೆಳು ಸಿಪ್ಪೆಯ ನಮ್ಮ ನಿಂಬೆಹಣ್ಣಿನ ಜಾತಿಯದೇ! ಅವರು ಮೊಟ್ಟೆಯ ಹಳದಿ ಹಾಕುತ್ತಾರೆ. ಬೇಡದವರು ಹೀಗೆ ಮಾಡಿ. ಇಪ್ಪತ್ತು ಮಾರಿ ಬಿಸ್ಕತ್ತು ಪುಡಿ ಮಾಡಿ, 80 ಗ್ರಾಂ ಕರಗಿಸಿದ ಬೆಣ್ಣೆಯಲ್ಲಿ ಕಲಸಿ ತಟ್ಟೆಗೆ ಒತ್ತಿ. 400 ಗ್ರಾಂ ಗಟ್ಟಿ ಹಾಲಿಗೆ ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಅರ್ಧ ಬಟ್ಟಲು ಮೊಸರು ಬೆರೆಸಿ, ಏಳೆಂಟು ನಿಂಬೆಹಣ್ಣಿನ ರಸವನ್ನು ಸ್ವಲ್ಪಸ್ವಲ್ಪವಾಗಿ ಹಾಕುತ್ತ ಕದಡಿ. ಹುಳಿಗೆ ಅದು ತಾನಾಗಿಯೇ ದಪ್ಪವಾಗುತ್ತದೆ. ಬಿಸ್ಕತ್ತಿನ ಮೇಲೆ ಸುರಿದು ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಹಸಿರು ಸಿಪ್ಪೆಯನ್ನು ಒಂದಿಷ್ಟು ತುರಿದು ಉದುರಿಸಿದರೆ ಘಮ ಹೆಚ್ಚು. ಬಿಳಿ ಭಾಗ ಮಾತ್ರ ಸೇರದಿರಲಿ, ಕಹಿಯಾಗುತ್ತದೆ.