ಬೆಳಿಗ್ಗೆಯ ಅಂಕಿ ನಂಬಿ ಕೆಟ್ಟೆವು

ಜೂನ್ ಬಂತೆಂದರೆ ಊರಲ್ಲಿ ಮಳೆಯ ದಾರಿ ಕಾಯುತ್ತಾರೆ. ಇಲ್ಲಿ ಸಿಂಗಪುರದಲ್ಲಿ ನಮಗೆ ಹೊಗೆಯ ಚಿಂತೆ. ಸುಮಾತ್ರದ ಜೌಗು ನೆಲಕ್ಕೆ ಬೆಂಕಿ ಬಿದ್ದು, ನೈಋತ್ಯ ಗಾಳಿ ಬೀಸಿದರೆ ಮುಗಿಯಿತು, ಅಕ್ಟೋಬರ್‌ವರೆಗೂ ನೆಮ್ಮದಿಯಿಲ್ಲ.

2015ರ ಸೆಪ್ಟೆಂಬರ್. ನಾವು ಒಂದು ಕಂಟ್ರಾಕ್ಟರ್ ಕಚೇರಿಯಲ್ಲಿ ಲೆಕ್ಕ ಬರೆಯುತ್ತಿದ್ದೆವು. ಸೈಟಿನಿಂದ ರಾಯಚೂರು ಕಡೆಯ ಸೂಪರ್‌ವೈಸರ್ ಹುಡುಗ ಫೋನ್ ಮಾಡಿದ: "ಸರ್, ಕ್ರೇನ್ ತುದಿ ಕಾಣವಲ್ದು, ಹುಡುಗ್ರು ಕೆಮ್ಮಾಕತ್ಯಾರ, ಕೆಲ್ಸ ನಿಲ್ಲಿಸ್ಲೇನ್ರಿ?" ನಾವು ಏಸಿ ಕೋಣೆಯಲ್ಲಿ ಕೂತು ಕಂಪ್ಯೂಟರ್ ನೋಡಿದೆವು. "ಪಿಎಸ್ಐ ಇನ್ನೂ ನೂರರ ಒಳಗೇ ಇದೆಯಪ್ಪ, ಮುಂದುವರಿಸಿ" ಅಂದೆವು. ಮಧ್ಯಾಹ್ನದ ಹೊತ್ತಿಗೆ ಒಬ್ಬ ಉಸಿರು ಸಿಗದೆ ಕುಸಿದು ಕೂತ. ಅವನಿಗೆ ಮೊದಲೇ ಉಬ್ಬಸ ಇತ್ತಂತೆ. ಕ್ಲಿನಿಕ್ಕಿಗೆ ಹೋಗಿ ಸುಧಾರಿಸಿಕೊಂಡ, ಆದರೆ ಆ ವಾರವೆಲ್ಲ ಕೆಲಸಕ್ಕೆ ಬರಲಾಗಲಿಲ್ಲ.

ನಾವು ನೋಡಿದ್ದು 24 ಗಂಟೆಯ ಸರಾಸರಿ. ನಿನ್ನೆಯ ಒಳ್ಳೆ ಗಾಳಿಯೂ ಅದರಲ್ಲಿ ಸೇರಿತ್ತು. ನಿನ್ನೆಯ ಕ್ಲೋಸಿಂಗ್ ಬ್ಯಾಲೆನ್ಸ್ ನೋಡಿ ಇವತ್ತು ಚೆಕ್ ಬರೆದ ಹಾಗಾಯಿತು. ಬಿಕಾಂ ಓದಿ, ಇಷ್ಟು ವರ್ಷ ಲೆಕ್ಕ ಬರೆದವರಿಗೆ ಇಷ್ಟು ಹೊಳೆಯಬೇಡವೇ? ಅದೇ ತಿಂಗಳ 25ರಂದು ಸರ್ಕಾರ ಶಾಲೆಗಳಿಗೇ ರಜೆ ಕೊಟ್ಟಿತು. ಪಿಎಸ್ಐ 300 ದಾಟಿತ್ತು.

ಈ ಹೊಗೆಯಲ್ಲಿ ಅಪಾಯದ್ದು ಪಿಎಂ 2.5 ಎಂಬ ಕಣ. ತಲೆಗೂದಲಿನ ದಪ್ಪದ ಸುಮಾರು ಮೂವತ್ತರಲ್ಲೊಂದು ಪಾಲು. ಮೂಗು, ಗಂಟಲು ತಡೆಯಲಾರದು. ನೇರ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಇದರ ಒಂದು ಗಂಟೆಯ ಅಳತೆಯನ್ನು ಇಲ್ಲಿನ ಪರಿಸರ ಸಂಸ್ಥೆ ಎನ್ಇಎ ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ, ಮಧ್ಯ ಅಂತ ಬೇರೆ ಬೇರೆಯಾಗಿ ಕೊಡುತ್ತದೆ. 55ರವರೆಗೆ ಮಾಮೂಲಿ. 56ರಿಂದ 150 ಇದ್ದರೆ ಏರಿದೆ ಎಂದರ್ಥ. 151 ಮುಟ್ಟಿದರೆ ಹೆಚ್ಚು, 250 ದಾಟಿದರೆ ವಿಪರೀತ. ನಾಳೆಯ ಕೆಲಸ ಗೊತ್ತುಮಾಡಲು 24 ಗಂಟೆಯ ಪಿಎಸ್ಐ ಮುನ್ಸೂಚನೆ ಸರಿ. ಈಗ ಹೊರಗೆ ಹೋಗಬೇಕೋ ಬೇಡವೋ ಎನ್ನುವುದಕ್ಕೆ ಈ ಗಂಟೆಯ ಅಂಕಿಯನ್ನೇ ನೋಡಿ. ಅದೂ ನಿಮ್ಮ ಸೈಟ್ ಇರುವ ಕಡೆಯದ್ದು, ಡಾರ್ಮಿಟರಿಯದ್ದಲ್ಲ. ಮುಖಕ್ಕೆ ಕಟ್ಟಿಕೊಳ್ಳುವ ಟವೆಲ್ ಈ ಕಣವನ್ನು ತಡೆಯುವುದಿಲ್ಲ, ಎನ್95 ಮಾಸ್ಕೇ ಬೇಕು.

ಅಳತೆಯಿಂದ ಹೊಗೆ ನಿಲ್ಲುತ್ತದೆಯೇ ಅಂತ ಕೇಳುವವರಿದ್ದಾರೆ. ತಾನಾಗಿ ನಿಲ್ಲುವುದಿಲ್ಲ. ಆದರೆ ಗಡಿಯಾಚೆ ಬೆಂಕಿ ಹಚ್ಚಿ ಇಲ್ಲಿಗೆ ಹೊಗೆ ಕಳಿಸುವ ಕಂಪನಿಗೆ ದಿನಕ್ಕೆ ಲಕ್ಷ ಡಾಲರ್‌ವರೆಗೆ ದಂಡ ಹಾಕುವ ಕಾನೂನು 2014ರಲ್ಲಿ ಬಂದಿದೆ. ಅಂಕಿಯಿಲ್ಲದೆ ಅಂಥ ಕೇಸು ನಿಲ್ಲುವುದು ಹೇಗೆ?

ಈಗ ಹೊಗೆಯ ದಿನಗಳಲ್ಲಿ ಬೆಳಿಗ್ಗೆ ಎಂಟಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ಆ ಗಂಟೆಯ ಅಂಕಿ ಸೈಟಿನ ವಾಟ್ಸಾಪ್ ಗುಂಪಿಗೆ ಹೋಗುತ್ತದೆ. ಕಳಿಸುವವರು ನಾವೇ.