ಎಡಿಟಿಂಗ್ ಕೈಕೊಟ್ಟರೆ ಲಿನಕ್ಸ್ ಒಂದೇ ಹೊಣೆಯೇ?

ಮಸ್ಕಿಯ ಅಶೋಕ ಶಾಸನ, ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿ, ಮುದಗಲ್ ಕೋಟೆ, ಸಿಂಧನೂರಿನ ಭತ್ತದ ಗದ್ದೆಗಳು. ಈ ಸೀಮೆಯಲ್ಲಿ ಮೊಬೈಲ್ ಹಿಡಿದು ಹೊರಟವರಿಗೆ ವಿಡಿಯೊ ವಿಷಯಕ್ಕೆ ಬರವಿಲ್ಲ. ಕಂಪ್ಯೂಟರ್‌ಗೆ ಲಿನಕ್ಸ್ ಹಾಕಿ ಕೆಡೆನ್‌ಲೈವ್ ಅಥವಾ ಶಾಟ್‌ಕಟ್ ತೆರೆದರೆ ಸಾಫ್ಟ್‌ವೇರ್‌ಗೆ ಬಿಡಿಗಾಸೂ ಕೊಡಬೇಕಿಲ್ಲ. ಆದರೆ ಪರದೆ ಒಮ್ಮೆ ಹ್ಯಾಂಗ್ ಆದರೆ ಸಾಕು, ‘ಲಿನಕ್ಸ್ ಹಣೆಬರಹವೇ ಇಷ್ಟು’ ಎಂಬ ತೀರ್ಪು ಹೊರಬೀಳುತ್ತದೆ.

ತಪ್ಪು ಕಲ್ಪನೆ: ಮಾತು ಒಂದು ಕಡೆ, ತುಟಿ ಇನ್ನೊಂದು ಕಡೆ ಹೋದರೆ ಸಾಫ್ಟ್‌ವೇರ್ ಕೆಟ್ಟಿದೆ.

ಸತ್ಯ: ಬಹಳಷ್ಟು ಸಲ ಮೂಲ ಇರುವುದು ಮೊಬೈಲ್ ಫೈಲಿನಲ್ಲೇ. ಫೋನುಗಳು ಬೆಳಕಿಗೆ ತಕ್ಕಂತೆ ಫ್ರೇಮ್ ವೇಗವನ್ನು ಏರಿಳಿಸುತ್ತವೆ. ಎಡಿಟಿಂಗ್ ಟೈಮ್‌ಲೈನ್‌ಗೆ ಬೇಕಿರುವುದು ಸ್ಥಿರ ವೇಗ. ಮೀಡಿಯಾಇನ್ಫೊದಲ್ಲಿ ತೆರೆದಾಗ ಫ್ರೇಮ್ ರೇಟ್ ‘ವೇರಿಯಬಲ್’ ಎಂದಿದ್ದರೆ, ಹ್ಯಾಂಡ್‌ಬ್ರೇಕ್‌ನಲ್ಲಿ ‘ಕಾನ್‌ಸ್ಟಂಟ್’ ಆಯ್ದು ಪರಿವರ್ತಿಸಿ ನೋಡಬೇಕು. ಎಚ್.265 ಅಥವಾ 4ಕೆ ದೃಶ್ಯ ತಡವರಿಸಿದರೆ ಪ್ರಾಕ್ಸಿ ಸೌಲಭ್ಯವಿದೆ: ಕೆಲಸ ನಡೆಯುವುದು ಹಗುರವಾದ ನಕಲಿನ ಮೇಲೆ, ಅಂತಿಮ ರೆಂಡರ್ ಮಾತ್ರ ಮೂಲ ಫೈಲಿನಿಂದ.

ತಪ್ಪು ಕಲ್ಪನೆ: ಡಾವಿಂಚಿ ರಿಸಾಲ್ವ್‌ನಲ್ಲಿ ದೃಶ್ಯ ಕಾಣದಿದ್ದರೆ ಫೈಲ್ ಹಾಳಾಗಿದೆ.

ಸತ್ಯ: ಅದರ ಉಚಿತ ಆವೃತ್ತಿ ಲಿನಕ್ಸ್‌ನಲ್ಲಿ ಎಚ್.264 ಓದುವುದಿಲ್ಲ. ಡಿಎನ್‌ಎಕ್ಸ್‌ಎಚ್‌ಆರ್‌ಗೆ ಬದಲಿಸಿದರೆ ಅದೇ ದೃಶ್ಯ ಮೂಡುತ್ತದೆ.

ತಪ್ಪು ಕಲ್ಪನೆ: ಲಿನಕ್ಸ್‌ನಲ್ಲಿ ಕನ್ನಡದ ಒತ್ತಕ್ಷರ ಒಡೆಯುತ್ತದೆ.

ಸತ್ಯ: ‘ಮಸ್ಕಿ’ ಎಂಬ ಶೀರ್ಷಿಕೆಯನ್ನು ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ವಿಧಾನದಲ್ಲಿ ಬರೆದು ತಂದು ಅಂಟಿಸಿದರೆ ಕಾಣುವುದು ಲ್ಯಾಟಿನ್ ಚಿಹ್ನೆಗಳ ಗೋಜಲು. ಆ ಫಾಂಟ್ ಇಲ್ಲದಿದ್ದರೆ ವಿಂಡೋಸ್‌ನಲ್ಲೂ ಇದೇ ಪಾಡು. ಯೂನಿಕೋಡ್‌ನಲ್ಲಿ ಬರೆದು ಗುಬ್ಬಿ, ನವಿಲು ಅಥವಾ ನೋಟೊ ಸಾನ್ಸ್ ಕನ್ನಡ ಫಾಂಟ್ ಆಯ್ದರೆ ಸಕಾರದ ಅಡಿಯಲ್ಲಿ ಕಾವತ್ತು ಸರಿಯಾಗಿ ಕೂರುತ್ತದೆ.

ತಪ್ಪು ಕಲ್ಪನೆ: ಕ್ರ್ಯಾಶ್ ಆದರೆ ಕೆಲಸವೆಲ್ಲ ನೀರುಪಾಲು, ಅಳಿಸಿ ಮತ್ತೆ ಹಾಕುವುದೇ ಮದ್ದು.

ಸತ್ಯ: ಕೆಡೆನ್‌ಲೈವ್ ತಾನಾಗಿಯೇ ಬ್ಯಾಕಪ್ ಇಡುತ್ತದೆ, ಮೆನುವಿನ ‘ಓಪನ್ ಬ್ಯಾಕಪ್ ಫೈಲ್’ ಒತ್ತಿ ಹಳೆಯ ಪ್ರತಿಗೆ ಮರಳಬಹುದು. ಮರುಸ್ಥಾಪನೆಯಂತೂ ಎಷ್ಟೋ ಸಲ ವ್ಯರ್ಥ. ಸೆಟ್ಟಿಂಗ್‌ಗಳು ಹೋಮ್ ಫೋಲ್ಡರಿನ ಅಡಗಿದ ಕಡತದಲ್ಲಿ ಹಾಗೇ ಉಳಿದು, ಹೊಸದಾಗಿ ಹಾಕಿದರೂ ಹಳೆಯ ರೋಗ ಮರುಕಳಿಸುತ್ತದೆ. ಮೊದಲು ‘ಹೆಲ್ಪ್’ ಮೆನುವಿನಲ್ಲಿ ‘ರೀಸೆಟ್ ಕಾನ್ಫಿಗರೇಷನ್’ ಒತ್ತಿ ನೋಡುವುದು ಲೇಸು.

ಹಾಗೆಂದು ಲಿನಕ್ಸ್ ಸಾಫ್ಟ್‌ವೇರ್‌ನಲ್ಲಿ ಬಗ್ ಇಲ್ಲವೆಂದಲ್ಲ. ಕೆಲವು ಎಫೆಕ್ಟ್‌ಗಳು, ಗ್ರಾಫಿಕ್ಸ್ ಡ್ರೈವರ್‌ಗಳು ನಿಜಕ್ಕೂ ಕಾಡುತ್ತವೆ. ಐಕಾನ್ ಬದಲು ಟರ್ಮಿನಲ್‌ನಿಂದ ಪ್ರೋಗ್ರಾಂ ಶುರು ಮಾಡಿದರೆ, ಅದು ಕುಸಿದ ಹೊತ್ತಿನ ಕೊನೆಯ ಸಾಲುಗಳು ಅಲ್ಲೇ ಉಳಿಯುತ್ತವೆ. ಆ ಸಾಲುಗಳು, ಆವೃತ್ತಿ ಸಂಖ್ಯೆ, ದೋಷ ಮರುಕಳಿಸುವ ಕ್ರಮ ಇವಿಷ್ಟನ್ನೂ ಸೇರಿಸಿ, ದೋಷ ಕೆಡೆನ್‌ಲೈವ್‌ನದಾದರೆ ಅದನ್ನು ರೂಪಿಸುವ ಕೆಡಿಇ ಸಮುದಾಯದ ಬಗ್‌ಝಿಲ್ಲಾದಲ್ಲಿ ವರದಿ ಮಾಡಿ. ‘ವರ್ಕ್ ಆಗ್ತಿಲ್ಲ’ ಎಂಬ ಒಂದು ಸಾಲಿನ ದೂರಿನಿಂದ ಯಾವ ಡೆವಲಪರ್‌ಗೂ ಉಪಯೋಗವಿಲ್ಲ.