ಖಾಮ್ ಸೀಮೆಯ ಮಠ ಹನೂರಿನ ಬಯಲಲ್ಲಿ

ಚೀನಾದ ಸಿಚುವಾನ್ ಪ್ರಾಂತ್ಯದ ಪಶ್ಚಿಮ ಅಂಚಿನಲ್ಲಿ, ನಾಲ್ಕು ಸಾವಿರ ಮೀಟರ್ ಆಸುಪಾಸಿನ ಎತ್ತರದಲ್ಲಿ, ಹಿಮದ ಬೆಟ್ಟಗಳ ಬುಡಕ್ಕೆ ಝೋಗ್‌ಚೆನ್ ಎಂಬ ಬೌದ್ಧ ಮಠವಿದೆ. ಟಿಬೆಟಿನವರ ಪಾಲಿಗೆ ಅದು ಖಾಮ್ ಸೀಮೆ. ಅಲ್ಲಿಗೆ ಹೋಗಲು ವೀಸಾ ಬೇಕು, ಚೆಂಗ್ಡುವಿನಿಂದ ಘಟ್ಟದ ದಾರಿ ಸವೆಸಬೇಕು, ತೆಳುಗಾಳಿಯನ್ನು ತಾಳುವ ಎದೆಯೂ ಇರಬೇಕು. ಅದೇ ಹೆಸರಿನ, ಅದೇ ಪರಂಪರೆಯ ಮಠ ನೋಡಲು ನಮಗೆ ಕೊಳ್ಳೇಗಾಲದ ಬಸ್‌ಸ್ಟ್ಯಾಂಡ್ ಸಾಕು. ಲೊಕ್ಕನಹಳ್ಳಿ ಮೇಲೆ ಹೋಗುವ ಬಸ್ಸು ಹತ್ತಿ ಒಡೆಯರಪಾಳ್ಯದಲ್ಲಿ ಇಳಿದರಾಯಿತು.

ಹನೂರು ತಾಲ್ಲೂಕಿಗೆ ಸೇರಿದ ಈ ನೆಲೆಗೆ ಟಿಬೆಟಿನವರು ಇಟ್ಟ ಹೆಸರು ಧೊಂಡೆನ್‌ಲಿಂಗ್. ಸುತ್ತಲ ಹಳ್ಳಿಗಳವರಿಗೆ ಅದು ಬರೀ ‘ಕ್ಯಾಂಪು’. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಮೇಲೆ ಗಡಿ ದಾಟಿದ ಸಾವಿರಾರು ಜನರಿಗೆ ಕರ್ನಾಟಕದಲ್ಲಿ ಮೊದಲು ಜಾಗ ಸಿಕ್ಕಿದ್ದು ಬೈಲುಕುಪ್ಪೆಯಲ್ಲಿ. ಆಮೇಲೆ ಮುಂಡಗೋಡು, ಹುಣಸೂರು ಕಡೆಯ ಗುರುಪುರ. ಎಲ್ಲಕ್ಕಿಂತ ತಡವಾಗಿ, 1970ರ ದಶಕದ ನಡುವಿನಲ್ಲಿ, ಒಡೆಯರಪಾಳ್ಯ. ಕಾಡಂಚಿನ ನೆಲವನ್ನು ಹಸನು ಮಾಡಿ ಮುಸುಕಿನ ಜೋಳ ಬಿತ್ತಿದರು. ಊರುಗಳಿಗೆ ಎ, ಬಿ, ಸಿ ಎಂದು ಅಕ್ಷರದ ಗುರುತಿಟ್ಟುಕೊಂಡರು. ಅಂಚೆ ವಿಳಾಸದಲ್ಲಿ ಈಗಲೂ ಆ ಅಕ್ಷರವೇ ನಡೆಯುತ್ತದೆ.

ಖಾಮ್‌ನ ಮೂಲ ಮಠ ಶುರುವಾದದ್ದು 1684ರಲ್ಲಿ. ಐದನೆಯ ದಲೈ ಲಾಮಾ ಅವರ ಇಚ್ಛೆಯಂತೆ ಪೆಮಾ ರಿಗ್‌ಝಿನ್ ಎಂಬ ಸಾಧಕರು ಕಟ್ಟಿದ್ದು. ಟಿಬೆಟಿನ ನಾಲ್ಕು ಬೌದ್ಧ ಪಂಥಗಳಲ್ಲಿ ಅತಿ ಹಳೆಯದು ನ್ಯಿಂಗ್ಮಾ. ಆ ಪಂಥದ ಆರು ತಾಯಿಮಠಗಳಲ್ಲಿ ಇದೂ ಒಂದು. ಎಂಟನೆಯ ಶತಮಾನದಲ್ಲಿ ಭಾರತದಿಂದ ಹೋದ ಪದ್ಮಸಂಭವರನ್ನು ನ್ಯಿಂಗ್ಮಾದವರು ಎರಡನೆಯ ಬುದ್ಧನೆಂದೇ ಪೂಜಿಸುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಖಾಮ್‌ನ ಮಠದಲ್ಲಿ ಎದ್ದ ಶ್ರೀಸಿಂಹ ವಿದ್ಯಾಲಯ ಪೂರ್ವ ಟಿಬೆಟಿನ ದೊಡ್ಡ ಪಾಠಶಾಲೆಯಾಯಿತು. ಪತ್ರುಲ್ ರಿಂಪೋಚೆಯಂಥ ಪಂಡಿತರು ಅಲ್ಲಿ ಪಾಠ ಹೇಳಿದ್ದಾರೆ. 1959ರ ಗಲಭೆಯಲ್ಲಿ ಮಠ ಹಾಳಾಯಿತು, ಮಠದ ಪೀಠಾಧಿಪತಿ ಆರನೆಯ ಝೋಗ್‌ಚೆನ್ ರಿಂಪೋಚೆ ಪ್ರಾಣ ಕಳೆದುಕೊಂಡರು. ಅವರ ಮರುಹುಟ್ಟು ಎಂದು ಗುರುತಿಸಲಾದ ಏಳನೆಯವರು ಜನಿಸಿದ್ದು ಸಿಕ್ಕಿಂನಲ್ಲಿ. ಪೀಠವೇರಿದ್ದೂ ಅಲ್ಲೇ, ಗ್ಯಾಂಗ್ಟಕ್‌ನ ಅರಮನೆಯಲ್ಲಿ. ಮಠವನ್ನು ಮತ್ತೆ ಕಟ್ಟಲು ನೆಲ ಸಿಕ್ಕಿದ್ದು ಮಾತ್ರ ಮಾದಪ್ಪನ ಸೀಮೆಯಲ್ಲಿ. 1992ರ ಜನವರಿಯಲ್ಲಿ ದಲೈ ಲಾಮಾ ಅವರೇ ಬಂದು ಉದ್ಘಾಟಿಸಿದರು. ಅತ್ತ ಖಾಮ್‌ನಲ್ಲಿಯೂ ಮಠ ಮತ್ತೆ ಎದ್ದಿದೆ. ಹೀಗಾಗಿ ಒಂದೇ ಪರಂಪರೆಗೆ ಎರಡು ಮನೆ: ಒಂದರ ಅಂಗಳದಲ್ಲಿ ಯಾಕ್ ಮೇಯುತ್ತದೆ, ಇನ್ನೊಂದರ ಹೊಲಕ್ಕೆ ಆನೆ ನುಗ್ಗುತ್ತದೆ.

ಬೈಲುಕುಪ್ಪೆಯ ಸ್ವರ್ಣ ಮಂದಿರದ ಜಾತ್ರೆ ಇಲ್ಲಿಲ್ಲ. ಅದೇ ಲಾಭ ಅನ್ನಿ. ಸ್ತೂಪದ ಸುತ್ತ ಮಣಿಸರ ಎಣಿಸುತ್ತ ಸುತ್ತುವ ಅಜ್ಜಿಯರು ನಮ್ಮ ಗುಡಿಗಳಲ್ಲಿ ಸುತ್ತುವ ಹಾಗೆಯೇ ಬಲಕ್ಕೆ ಸುತ್ತುತ್ತಾರೆ. ಪ್ರಾರ್ಥನಾ ಚಕ್ರವನ್ನೂ ಹಾಗೆಯೇ ತಿರುಗಿಸಬೇಕು. ನೀಲಿ, ಬಿಳಿ, ಕೆಂಪು, ಹಸಿರು, ಹಳದಿ ಬಾವುಟಗಳು ಇದೇ ಕ್ರಮದಲ್ಲಿ ಸಾಲಾಗಿರುತ್ತವೆ: ಆಕಾಶ, ಗಾಳಿ, ಬೆಂಕಿ, ನೀರು, ಮಣ್ಣು. ಪಂಚಭೂತವನ್ನು ಬಲ್ಲ ನಮಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಪೂಜೆ ನಡೆಯುವಾಗ ಒಳಗೆ ಫೋಟೊ ತೆಗೆಯುವ ಮುನ್ನ ಕೇಳಿ. ಮೊಮೊ, ಥುಕ್ಪಾ ತಿನ್ನಿ. ಉಪ್ಪು ಹಾಕಿದ ಬೆಣ್ಣೆ ಚಹಾ ಎಲ್ಲರ ನಾಲಿಗೆಗೂ ಒಗ್ಗುವುದಿಲ್ಲ. ಸಾರು ಎಂದುಕೊಂಡು ಕುಡಿದರೆ ಸಲೀಸು. ಮತ್ತೆ, ಇವರನ್ನು ಚೀನಾದವರು ಎಂದು ಕರೆಯಬೇಡಿ. ಇವರ ತಾತ ಮುತ್ತಾತಂದಿರ ಊರು ಈಗ ಚೀನಾದ ಆಡಳಿತದಲ್ಲಿದೆ ಎಂಬುದು ಬೇರೆ ಮಾತು, ನೋವಿನ ಮಾತು.

ಅಪ್ಪಟ ಚೀನಾದ ಕೊಡುಗೆ ನೋಡುವ ಆಸೆಯಿದ್ದರೆ ಅದೂ ದಾರಿಯಲ್ಲೇ ಉಂಟು. ಕೊಳ್ಳೇಗಾಲ ರೇಷ್ಮೆಯ ಊರು, ಹುಳು ಸಾಕಿ ನೂಲು ತೆಗೆಯುವುದನ್ನು ಜಗತ್ತಿಗೆ ಕಲಿಸಿದ್ದು ಚೀನಾ. ಚಾಮರಾಜನಗರದ ಕಡೆಯಿಂದ ಬರುವವರಿಗೆ ಯಳಂದೂರು ಸಿಗುತ್ತದೆ. ಅಲ್ಲಿನ ಗೌರೀಶ್ವರ ದೇಗುಲದ ಬಳೆಮಂಟಪದಲ್ಲಿ ಕಲ್ಲಿನಲ್ಲೇ ಕಡೆದ ಬಳೆಗಳ ಸರಪಳಿ ನೋಡದೆ ಮುಂದೆ ಹೋಗಬಾರದು. ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಊರದು. ಅಲ್ಲಿಂದಲೇ ಬಿಳಿಗಿರಿರಂಗನ ಬೆಟ್ಟಕ್ಕೂ ದಾರಿ.

ಕ್ಯಾಂಪಿನಲ್ಲಿ ತಂಗಬೇಕೆನ್ನುವ ವಿದೇಶಿಯರಿಗೆ ಕೇಂದ್ರ ಸರ್ಕಾರದ ಪರವಾನಗಿ ಬೇಕು, ನಮಗೆ ಬೇಡ. ಸಂಜೆಗೆ ಮುನ್ನ ಹೊರಡುವುದು ಒಳ್ಳೆಯದು, ಕಾಡಿನ ರಸ್ತೆ. ಚಳಿಗಾಲದಲ್ಲಿ ಹೋದರೆ ಅನೇಕ ಮನೆಗಳಿಗೆ ಬೀಗ ಕಾಣಬಹುದು: ಜೋಳದ ಕೊಯ್ಲು ಮುಗಿಸಿ ಜನ ಸ್ವೆಟರ್ ಮಾರಲು ಪೇಟೆಗಳಿಗೆ ಹೋಗಿರುತ್ತಾರೆ. ಅವರೆಲ್ಲ ಹಿಂತಿರುಗುವುದು ಹೊಸ ವರ್ಷದ ಹಬ್ಬ ಲೋಸಾರ್‌ಗೆ. ಅದು ಚಾಂದ್ರಮಾನದ ಲೆಕ್ಕದಲ್ಲಿ ಸಾಮಾನ್ಯವಾಗಿ ಫೆಬ್ರುವರಿಯಲ್ಲೋ ಮಾರ್ಚಿನಲ್ಲೋ ಬರುತ್ತದೆ. ಆ ವರ್ಷದ ತಾರೀಕು ಕೇಳಿಕೊಂಡು ಹೊರಡಿ.